ರಕ್ತ ಕಡಿಮಿ: ಬಾಟ್ಲಿ ಬೇಡ, ಗುಳಿಗಿ ಬಿಡಬೇಡ



ವಿಜಯಪುರದ ದವಾಖಾನೆಗಳಲ್ಲಿ ಬೆಳಿಗ್ಗೆ ಚೀಟಿ ಮಾಡಿಸುವ ಸಾಲಿನಲ್ಲಿ ತಿಕೋಟಾ, ಬಬಲೇಶ್ವರ ಕಡೆಯ ಅಕ್ಕಂದಿರನ್ನು ನಾವು ನೋಡುತ್ತೇವೆ. "ಕೈಕಾಲು ಸೆಳಿತಾವ್ರಿ, ತಲಿ ತಿರುಗ್ತೈತ್ರಿ, ನಾಕ್ ಮೆಟ್ಟಲಾ ಹತ್ತಿದ್ರ ದಮ್ಮು ಬರ್ತೈತ್ರಿ" ಅಂತಾರೆ. ರಕ್ತ ಕಡಿಮಿ ಐತಿ ಅಂತ ಹೇಳಿಕೊಂಡು ಯಾರೂ ಬರುವುದಿಲ್ಲ. ಪರೀಕ್ಷೆ ಮಾಡಿದಾಗ ಗೊತ್ತಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂತು. ಗಂಡಸರಲ್ಲಿ ನೂರಕ್ಕೆ ಸುಮಾರು 20.

ಚೀಟಿಯಲ್ಲಿ 'ಎಚ್‌ಬಿ' ಅಂತ ಬರೆದಿರುತ್ತಾರೆ, ಅಂದರೆ ಹಿಮೋಗ್ಲೋಬಿನ್. ಹೆಂಗಸರಿಗೆ ಅದು 12 ಗ್ರಾಂ ಇರಬೇಕು, ಬಸುರಿಗೆ 11, ಗಂಡಸರಿಗೆ 13. 8ಕ್ಕಿಂತ ಕೆಳಗೆ, ಬಸುರಿಗೆ 7ಕ್ಕಿಂತ ಕೆಳಗೆ ಇಳಿದರೆ ತಡ ಮಾಡದೆ ವೈದ್ಯರ ಹತ್ತಿರ ಹೋಗಬೇಕು. ಅಂಥ ಹೊತ್ತಿನಲ್ಲಿ ಹೆರಿಗೆಯಾದರೆ ತಾಯಿಯ ಜೀವಕ್ಕೇ ಅಪಾಯ.

ಈಗ ಬಾಟ್ಲಿ ವಿಷಯ. ದಣಿವಾಯಿತೆಂದರೆ "ಒಂದ್ ಸಲಾಯಿನ್ ಹಚ್ಚರಿ" ಅಂತ ನಾವೇ ಕೇಳುತ್ತೇವೆ. ಅದಕ್ಕಾಗಿ ಸಂಘದಿಂದ ಸಾಲ ಎತ್ತಿದವರೂ ಇದ್ದಾರೆ. ಆ ಬಾಟ್ಲಿಯಲ್ಲಿ ಇರುವುದು ಉಪ್ಪು ಇಲ್ಲವೇ ಸಕ್ಕರೆ ಬೆರೆಸಿದ ನೀರು. ವಾಂತಿ-ಭೇದಿಯಾದವರಿಗೆ ಅದು ಬೇಕು, ರಕ್ತ ಮಾತ್ರ ಅದರಿಂದ ಆಗುವುದಿಲ್ಲ. ಸಾಲ ಉಳಿಯುತ್ತದೆ, ದಣಿವೂ ಉಳಿಯುತ್ತದೆ.

ಹೆಚ್ಚಿನವರಿಗೆ ಬೇಕಾದದ್ದು ಕಬ್ಬಿಣಾಂಶದ ಗುಳಿಗೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ, ಆಶಾ ಅಕ್ಕನನ್ನು ಕೇಳಿರಿ. ಆದರೆ ನಾಲ್ಕು ದಿನ ನುಂಗಿ, "ಹೊಟ್ಟಿ ತೊಳಸ್ತೈತಿ, ಸಂಡಾಸ ಕರ್ರಗ ಆಗ್ತೈತಿ" ಅಂತ ಡಬ್ಬಿಯಲ್ಲಿ ಹಾಕಿ ಇಡುವವರೇ ಬಹಳ. ಕರ್ರಗಾಗುವುದು ಕಬ್ಬಿಣದಿಂದ, ಹೆದರಬೇಡಿರಿ. ಹೊಟ್ಟೆ ತೊಳಸಿದರೆ ರಾತ್ರಿ ಊಟ ಆದ ಮೇಲೆ ತಗೊಳ್ಳಿರಿ. ಚಹಾದ ಜೊತೆ ಮಾತ್ರ ಬೇಡ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಒಂದು ತಾಸಾದರೂ ಅಂತರ ಇರಲಿ. ಸುಣ್ಣದಂಶದ ಗುಳಿಗೆಯನ್ನೂ ಬೇರೆ ಹೊತ್ತಿಗೆ ತಗೋಬೇಕು. ಒಂದು ತಿಂಗಳಿಗೆ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಬೇರೆ ಕಾರಣ ಇರಬಹುದು: ಹೊಟ್ಟೆಯಲ್ಲಿ ಹುಳ, ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವುದು, ಬಿ-12 ಜೀವಸತ್ವದ ಕೊರತೆ. ಎಚ್‌ಬಿ ಸರಿಯಾದ ಮೇಲೂ ವೈದ್ಯರು ಹೇಳುವವರೆಗೆ ಗುಳಿಗೆ ನಿಲ್ಲಿಸಬಾರದು.

ಊಟದ ಮಾತಿಗೆ ಬಂದರೆ, ನಮ್ಮ ಅಡುಗೆ ಬಡವಾದದ್ದೇನಲ್ಲ. ಸಜ್ಜಿ ರೊಟ್ಟಿ, ಮಡಕಿಕಾಳು, ರಾಜಗಿರಿ ಪಲ್ಯ, ಗುರೆಳ್ಳು ಹಿಂಡಿ ಎಲ್ಲವೂ ಒಳ್ಳೆಯವು. ಮೇಲೆ ಲಿಂಬಿಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಇಂಡಿಯ ಲಿಂಬಿ ಊರೂರಿಗೆ ಹೋಗುತ್ತದೆ, ನಮ್ಮ ತಾಟಿಗೂ ಒಂದು ಹೋಳು ಬರಲಿ. ತಿನ್ನುವವರು ಮೊಟ್ಟೆ, ಮೀನು, ಮಾಂಸ ತಿನ್ನಲಿ. ತಿಕೋಟಾದ ಒಣದ್ರಾಕ್ಷಿ ತಿಂದರೆ ಸಾಕೆಂದು ಕೆಲವರು ತಿಳಿದಿದ್ದಾರೆ. ತಿನ್ನಿರಿ, ಆದರೆ ಎಚ್‌ಬಿ 8 ಇದ್ದವರಿಗೆ ಗುಳಿಗೆಯ ಕೆಲಸ ದ್ರಾಕ್ಷಿ ಮಾಡುವುದಿಲ್ಲ. ಇನ್ನು ಎಲ್ಲರದೂ ಆದ ಮೇಲೆ ಉಳಿದ ರೊಟ್ಟಿ, ಖಾರದ ಪುಡಿಯಲ್ಲಿ ಮುಗಿಸುವ ನಮ್ಮ ರೂಢಿಯನ್ನು ಮನೆಯವರ ಮುಂದೆ ಮಾತಾಡಲೇಬೇಕು.

ಗಂಡಸರಿಗೆ, ವಯಸ್ಸಾದ ಅತ್ತೆ-ಮಾವಂದಿರಿಗೆ ರಕ್ತ ಕಡಿಮೆ ಬಂದರೆ ಬರೀ ಗುಳಿಗೆ ಕೊಟ್ಟು ಸುಮ್ಮನಿರಬೇಡಿರಿ. ಮೂಲವ್ಯಾಧಿ, ಹೊಟ್ಟೆಯ ಹುಣ್ಣು, ಕೆಲವೊಮ್ಮೆ ಕ್ಯಾನ್ಸರ್‌ನಿಂದಲೂ ಒಳಗೇ ರಕ್ತ ಸೋರುತ್ತಿರಬಹುದು. ತಪಾಸಣೆ ಮಾಡಿಸಿರಿ.

ಮುಂದಿನ ವಾರದ ಸಭೆಗೆ ಉಳಿತಾಯದ ಪುಸ್ತಕದ ಜೊತೆ ನಿಮ್ಮ ನಿಮ್ಮ ದವಾಖಾನೆ ಚೀಟಿಯನ್ನೂ ತನ್ನಿರಿ. ಓದಲು ಬಾರದವರಿಗೆ ಓದು ಬಲ್ಲ ಸದಸ್ಯೆಯರು ಎಚ್‌ಬಿ ಎಷ್ಟಿದೆ ಎಂದು ಓದಿ ಹೇಳಲಿ. ಚೀಟಿ ಇಲ್ಲದವರು ನಾಲ್ಕೈದು ಮಂದಿ ಕೂಡಿ ಒಂದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿಬನ್ನಿರಿ.