ಒಂದು ರಾತ್ರಿ ತಂಗುವ ಮನೆ: ಮುಂಗಡ ಕೊಡುವ ಮುಂಚೆ



ಮಳೆಗಾಲದಲ್ಲಿ ಕಾವೇರಿ ತುಂಬಿದಾಗ ಶಿವನಸಮುದ್ರ ನೋಡುವ ಆಸೆ ಯಾರಿಗಿಲ್ಲ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನ ಖರ್ಚೂ ಉಳಿಯಿತು. ಗಗನಚುಕ್ಕಿ, ಭರಚುಕ್ಕಿ, ತಲಕಾಡು, ಸೋಮನಾಥಪುರ ಎಲ್ಲಾ ಸೇರಿಸಿದರೆ ಎರಡು ದಿನ ಬೇಕು. ಎರಡು ದಿನ ಅಂದರೆ ಒಂದು ರಾತ್ರಿ ಎಲ್ಲಾದರೂ ತಂಗಬೇಕು. ಈ ಸಲದ ಪಾಠ ಆ ಒಂದು ರಾತ್ರಿಯ ಬಗ್ಗೆ.

ನಾವೇ ಒಂದು ಸಲ ಮೋಸ ಹೋಗಿದ್ದೇವೆ, ಅದನ್ನೇ ಮೊದಲು ಹೇಳುತ್ತೇವೆ. ಫೋನಿನಲ್ಲಿ ಬಂದ ಫೋಟೋ ನೋಡಿ ಒಂದು ‘ಹೋಂ ಸ್ಟೇ’ಗೆ ಮುಂಗಡ ಕಳಿಸಿದೆವು. “ಅಕ್ಕಾ, ಎಲ್ಲಾ ರೆಡಿ ಇರ್ತದೆ, ನೀವು ಬನ್ನಿ ಸಾಕು” ಅಂದರು. ಸಂಜೆ ಹೋಗಿ ನೋಡಿದರೆ ಹೊಲದ ನಡುವೆ ಬೀಗ ಹಾಕಿದ ಮನೆ. ಕೀ ತಂದುಕೊಟ್ಟ ಹುಡುಗ ಹಾಗೇ ಹೊರಟುಹೋದ. ಒಂದೇ ಕಕ್ಕಸು, ಮುಂಬಾಗಿಲಿನ ಚಿಲಕ ಮುರಿದಿತ್ತು. ಹನ್ನೊಂದು ಜನ ಹೆಂಗಸರು ಬಾಗಿಲಿಗೆ ಮಂಚ ಅಡ್ಡ ಇಟ್ಟು ಬೆಳಗು ಮಾಡಿದೆವು. ದೂರು ಕೊಡೋಣ ಅಂದರೆ ರಸೀದಿ ಇಲ್ಲ, ಮಾಲೀಕರ ಹೆಸರೂ ಗೊತ್ತಿಲ್ಲ.

ಸಂಘದಲ್ಲಿ ಐದು ಸಾವಿರ ಸಾಲ ಕೊಡುವಾಗ ಎಷ್ಟೊಂದು ಕೇಳುತ್ತೇವೆ! ಯಾಕೆ ಬೇಕು, ಹೇಗೆ ತೀರಿಸ್ತೀಯಾ ಅಂತೆಲ್ಲಾ. ಈ ಮನೆಯವರನ್ನು ಮಾತ್ರ ಏನೂ ಕೇಳಿರಲಿಲ್ಲ.

ಹೋಂ ಸ್ಟೇ ಅಂದರೆ ಮನೆಯವರು ಅಲ್ಲೇ ವಾಸ ಇದ್ದು ಕೆಲವು ಕೋಣೆಗಳನ್ನು ಅತಿಥಿಗಳಿಗೆ ಕೊಡುವುದು. ಖಾಲಿ ಮನೆಗೆ ಬೋರ್ಡು ಹಾಕಿದರೆ ಆಗೋದಿಲ್ಲ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರಬೇಕು, ಪಂಚಾಯಿತಿ ಮತ್ತು ಪೊಲೀಸರ ಒಪ್ಪಿಗೆ ಇರಬೇಕು. “ನೋಂದಣಿ ಪತ್ರದ ಫೋಟೋ ಕಳಿಸಿ” ಅಂತ ನೇರವಾಗಿ ಕೇಳಿ. ಇದ್ದವರು ಕಳಿಸುತ್ತಾರೆ. ಇಲ್ಲದವರು “ಇಷ್ಟು ದಿನ ಯಾರೂ ಕೇಳಿಲ್ಲ” ಅಂತಾರೆ. ಪತ್ರ ಬಂದರೆ ಹೆಸರು, ಊರು, ಅವಧಿ ಓದಿ ನೋಡಿ.

ಶಿವನಸಮುದ್ರದಲ್ಲಿ ಇನ್ನೊಂದು ತೊಡಕಿದೆ. ಗಗನಚುಕ್ಕಿ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನದು, ಭರಚುಕ್ಕಿ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲದ ಕಡೆಯದು. “ಜಲಪಾತದ ಹತ್ತಿರ” ಅಂದರೆ ಸಾಲದು. ಯಾವ ಪಂಚಾಯಿತಿ, ಯಾವ ಪೊಲೀಸ್ ಠಾಣೆ ಅಂತ ಕೇಳಿ. ವಿಚಾರಿಸಬೇಕಾದ್ದು ಆಯಾ ಜಿಲ್ಲೆಯ ಪ್ರವಾಸೋದ್ಯಮ ಕಚೇರಿಯಲ್ಲಿ. ಆ ಊರಿನಲ್ಲೂ ಮಹಿಳಾ ಸಂಘ ಇದ್ದೇ ಇರುತ್ತದೆ. ಒಕ್ಕೂಟದ ಮೂಲಕ ಅವರಿಗೊಂದು ಫೋನ್ ಮಾಡಿದರೆ ಯಾವ ಕಾಗದದಲ್ಲೂ ಇಲ್ಲದ ವಿಷಯ ಗೊತ್ತಾಗುತ್ತದೆ.

ಕಾಗದ ಇದ್ದರೂ ಕಣ್ಣು ಬೇಕು. 2024ರ ನವೆಂಬರ್ 17ರಂದು ಮಂಗಳೂರು ಹತ್ತಿರದ ಉಚ್ಚಿಲದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. ಒಬ್ಬಳನ್ನು ಹಿಡಿಯಲು ಹೋಗಿ ಇನ್ನಿಬ್ಬರೂ ಮುಳುಗಿದರು. ಕಾವಲಿಗೆ ಜೀವರಕ್ಷಕರು ಇರಲಿಲ್ಲ. ಆ ರೆಸಾರ್ಟಿಗೆ ಲೈಸೆನ್ಸ್ ಇತ್ತು. ಅದನ್ನು ಅಮಾನತು ಮಾಡಿದ್ದು ಸಾವಾದ ಮೇಲೆ. ನಮ್ಮ ಕಡೆ “ಮನೆ ಹಿಂದೇನೇ ಹೊಳೆ” ಅಂತ ಹೆಚ್ಚು ಬಾಡಿಗೆ ಕೇಳುತ್ತಾರೆ. ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ನೋಡುನೋಡುತ್ತಲೇ ಏರುತ್ತದೆ. ಮಕ್ಕಳಿದ್ದರೆ ಅಂಥ ಮನೆ ಬೇಡವೇ ಬೇಡ.

ದುಡ್ಡಿನ ವಿಷಯ: ಪೂರ್ತಿ ಹಣ ಮೊದಲೇ ಕೊಡಬೇಡಿ. ಮುಂಗಡಕ್ಕೆ ರಸೀದಿ ಕೇಳಿ. ಹೋಗದಿದ್ದರೆ ಎಷ್ಟು ವಾಪಸ್ ಅನ್ನೋದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ವಾಪಸ್ ದುಡ್ಡು ಬರಬೇಕಾದರೆ ನೀವು ಪಿನ್ ಒತ್ತಬೇಕಾಗಿಲ್ಲ. ಒತ್ತಿ ಅಂದರೆ ಅದು ಮೋಸ, ಕೂಡಲೇ 1930ಕ್ಕೆ ಫೋನ್ ಮಾಡಿ. ಜಿಎಸ್‌ಟಿ ಸೇರಿಸಿದರೆ ಬಿಲ್ಲಿನಲ್ಲಿ ಅದರ ನಂಬರ್ ಇರಬೇಕು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ನೋಂದಣಿ ಇಲ್ಲದವರು ಆ ತೆರಿಗೆ ಕೇಳುವಂತಿಲ್ಲ.

ಗುರುತಿನ ಚೀಟಿ ಕೇಳಿದರೆ ಬೇಸರ ಬೇಡ, ಹೆಸರು ಬರೆದುಕೊಳ್ಳುವುದು ಅವರ ಕೆಲಸ. ಏನೂ ಕೇಳದ ಕಡೆಯೇ ಅನುಮಾನ ಪಡಬೇಕು. ಹೋದ ತಕ್ಷಣ, ಬೆಳಕಿರುವಾಗಲೇ, ಚಿಲಕ, ಸ್ನಾನದ ಮನೆ, ಕಿಟಕಿ ನೋಡಿ. ಸರಿ ಕಾಣದಿದ್ದರೆ ಮುಂಗಡ ಹೋದರೂ ಹೋಗಲಿ, ಎದ್ದು ಬನ್ನಿ. ರಾತ್ರಿ ತೊಂದರೆಯಾದರೆ 112. ಬಾಡಿಗೆ ವ್ಯವಹಾರದ ದೂರಿಗೆ ಗ್ರಾಹಕರ ಸಹಾಯವಾಣಿ 1915.

ಸಭೆಯಲ್ಲಿ ಚರ್ಚಿಸಿ: ಹಿಂದಿನ ಪ್ರವಾಸದಲ್ಲಿ ನಾವು ತಂಗಿದ್ದ ಮನೆ ಯಾರದು, ನೋಂದಣಿ ಇತ್ತೇ? ಮುಂದಿನ ಪ್ರವಾಸಕ್ಕೆ ಫೋನ್ ಮಾಡಿ ವಿಚಾರಿಸುವ ಇಬ್ಬರು ಯಾರು? ಅವರ ಹೆಸರನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ.