ಬಿಟ್ಟು ಬಿಟ್ಟು ಬರುವ ಜ್ವರ: ಕಂದು ಹಾಕಿದ ದನದ ಕಡೆಗೂ ನೋಡಿ

ಆಕಳು, ಎಮ್ಮೆ ತಿಂಗಳು ತುಂಬುವ ಮೊದಲೇ ಕಂದು ಹಾಕಿದರೆ ನಮ್ಮಲ್ಲಿ ‘ದೃಷ್ಟಿ ಆತು’ ಅಂತಾರೆ. ಅದರ ಹಿಂದೆ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ದನ, ಕುರಿ, ಆಡುಗಳಿಂದ ಇದು ಮನುಷ್ಯರಿಗೂ ದಾಟುತ್ತದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯರು ಇದನ್ನು ಕಂಡುಹಿಡಿದರು. ನಮಗೇನು ದೂರದ್ದಲ್ಲ. ವಿಜಯಪುರದಲ್ಲಿ 16 ವರ್ಷಗಳಲ್ಲಿ 495 ವಯಸ್ಕರಿಗೆ ಈ ರೋಗ ಇದ್ದುದನ್ನು ವೈದ್ಯರು 2006ರಲ್ಲಿ ಪ್ರಕಟಿಸಿದ್ದಾರೆ.

ಗುರುತು ಹೇಗೆ? ಸಂಜೆಗೆ ಏರುವ ಜ್ವರ, ರಾತ್ರಿ ಅಂಗಿ ತೊಯ್ಯುವಷ್ಟು ಬೆವರು, ನಡನೋವು, ಕೀಲುನೋವು, ಸುಸ್ತು. ಕೆಲವು ಗಂಡಸರಿಗೆ ವೃಷಣ ಬಾಯುತ್ತದೆ. ಮೈಗೆ ಸೋಂಕು ಹತ್ತಿ ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಕಳೆದ ಮೇಲೆ ಜ್ವರ ಬರುವುದರಿಂದ ದನದ ನೆನಪೇ ಇರುವುದಿಲ್ಲ.

ಖಾನಾಪುರ ಕಡೆಯ ನಮ್ಮ ಬೀಗರೊಬ್ಬರು ಮೂರು ತಿಂಗಳು ಟೈಫಾಯ್ಡ್ ಅಂತ ಔಷಧಿ ತಗೊಂಡರು. ಜ್ವರ ಹೋಗೋದು, ಮತ್ತೆ ಬರೋದು. ಬಿತ್ತಿಗೆ ಹೊತ್ತಿನಲ್ಲಿ ಕೂರಿಗೆ ಹಿಡಿಯುವ ಶಕ್ತಿ ಇಲ್ಲ. ಕಡೆಗೆ ಬೆಳಗಾವಿಯಲ್ಲಿ ಒಬ್ಬ ಡಾಕ್ಟರು, ‘ಮನ್ಯಾಗ ದನ ಏನರ ಕಂದು ಹಾಕ್ಯಾವೇನ್ರಿ?’ ಎಂದು ಕೇಳಿದರು. ಹಾಕಿತ್ತು. ಮಾಸನ್ನು ಇವರೇ ಬರಿಗೈಲಿ ತೆಗೆದಿದ್ದರು. ರಕ್ತಪರೀಕ್ಷೆಯಲ್ಲಿ ರೋಗ ಸಿಕ್ಕಿತು.

ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಗುಳಿಗೆ ಆರು ವಾರ. ಜೊತೆಗೆ ರಿಫಾಂಪಿಸಿನ್ ಆರು ವಾರ, ಇಲ್ಲವೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಎರಡು-ಮೂರು ವಾರ ಕೊಡುತ್ತಾರೆ. ಒಂದೇ ಔಷಧಿ ಸಾಲದು. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಔಷಧಿ ಬೇರೆ. ಆದ್ದರಿಂದ ಅಂಗಡಿಯಿಂದ ತಾವೇ ತಂದು ನುಂಗಬಾರದು. ಹತ್ತು ದಿನಕ್ಕೆ ಆರಾಮಾತೆಂದು ಬೀಗರು ಗುಳಿಗೆ ಬಿಡಲು ನೋಡಿದರು, ಮನೆಯಾಕಿ ಬಿಡಲಿಲ್ಲ. ನಡುವೆ ಬಿಟ್ಟರೆ ರೋಗ ಮರುಕಳಿಸುತ್ತದೆ, ಬೆನ್ನೆಲುಬಿಗೂ ಇಳಿಯಬಹುದು.

ಕೊಟ್ಟಿಗೆಯಲ್ಲಿ ಮಾಡಬೇಕಾದ್ದು:

1. ಕಂದು, ಮಾಸು ಬರಿಗೈಲಿ ಮುಟ್ಟಬೇಡಿ. ಕೈಚೀಲ ಹಾಕಿಕೊಂಡು, ಆಳವಾದ ಕುಣಿಯಲ್ಲಿ ಸುಣ್ಣ ಹಾಕಿ ಹೂಳಿ. ನಾಯಿಗೆ ಸಿಗಬಾರದು.

2. ಕಂದು ಹಾಕಿದ ದನವನ್ನು ಬೇರೆ ಕಟ್ಟಿ, ಪಶುವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಿ. ಮಾರಿ ಕೈತೊಳಕೊಂಡರೆ ರೋಗ ಇನ್ನೊಬ್ಬರ ಮನೆಗೆ ಹೋದೀತು.

3. ಹಸಿ ಹಾಲು, ನೊರೆಹಾಲು ಬೇಡ. ಉಕ್ಕುವಂತೆ ಕಾಯಿಸಿ ಕುಡಿಯಿರಿ.

4. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಲಸಿಕೆ ಹಾಕಿಸಿ. 2019ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಇದೂ ಸೇರಿದೆ. ಗಂಡು ಕರುವಿಗೆ, ಗಬ್ಬದ ದನಕ್ಕೆ ಇದನ್ನು ಹಾಕಿಸುವಂತಿಲ್ಲ.

ಹೊಲದಲ್ಲಿ ಕುರಿ ತರುಬಿಸುವವರು ಕುರುಬ ಅಣ್ಣಂದಿರಿಗೂ ಇದನ್ನು ತಿಳಿಸಿರಿ. ಬಹಳ ದಿನದ ಜ್ವರಕ್ಕೆ ದವಾಖಾನೆಗೆ ಹೋದಾಗ, ಡಾಕ್ಟರು ಕೇಳದಿದ್ದರೂ ‘ನಾವು ದನ ಸಾಕೀವ್ರಿ’ ಎಂದು ಮೊದಲೇ ಹೇಳಿಬಿಡಿ.