ಬಿಲ್ಟಿಯಿಂದ ಬಿಲ್ ಆಫ್ ಲೇಡಿಂಗ್‌ವರೆಗೆ

ಪಿಯುಸಿ ಮುಗಿದ ಮೇಲೆ ಏನು ಓದುತ್ತೀ ಎಂದು ಕೇಳಿದವರಿಗೆ ನಾನು "ಶಿಪ್ಪಿಂಗ್ ಮ್ಯಾನೇಜ್‌ಮೆಂಟ್" ಅನ್ನುತ್ತೇನೆ. ಮನೆಯಲ್ಲಿ ಮೊದಲ ಸಲ ಹೇಳಿದಾಗ ಅಮ್ಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಜಹಾಜ್ ಪರ್ ಜಾನಾ ಹೈ ಕ್ಯಾ?" ಎಂದು ಕೇಳಿದರು. ಹಡಗಿನ ಮೇಲೆ ಹೋಗುತ್ತೀಯಾ ಎಂದು. ನಾನು ಇಂದಿಗೂ ಹಡಗನ್ನು ಕಣ್ಣಾರೆ ಕಂಡವಳಲ್ಲ. ಅಣ್ಣಿಗೇರಿಯಲ್ಲಿ ಕಾಣುವುದು ಎರೆಹೊಲ, ಹತ್ತಿ, ಮೆಣಸಿನಕಾಯಿ ಮತ್ತು ಗದಗ–ಹುಬ್ಬಳ್ಳಿ ರೈಲು.

ಅಮ್ಮಿಯ ಪ್ರಶ್ನೆಯನ್ನೇ ನನ್ನ ತರಗತಿಯ ಗೆಳತಿಯರೂ ಕೇಳುತ್ತಾರೆ, ಆದ್ದರಿಂದ ಮೊದಲು ಅದಕ್ಕೆ ಉತ್ತರ. ಹಡಗು ನಡೆಸುವ ಡೆಕ್ ಅಧಿಕಾರಿಯಾಗಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಕಾಮರ್ಸ್‌ನವರಿಗೆ ಆ ಬಾಗಿಲು ಇಲ್ಲ. ನಮಗಿರುವುದು ದಡದ ಮೇಲಿನ ಕೆಲಸ: ಸರಕು ಗೊತ್ತುಮಾಡುವುದು, ಸುಂಕದ ಕಾಗದ ಮಾಡಿಸುವುದು, ಬಾಡಿಗೆ ಕುದುರಿಸುವುದು, ವಿಮೆಯ ಕ್ಲೇಮು ನೋಡುವುದು. ಇದಕ್ಕೆ ಸಮುದ್ರದ ದಡವೂ ಬೇಕಿಲ್ಲ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಒಳನಾಡು ಕಂಟೇನರ್ ಡಿಪೋದಲ್ಲಿ ಕಸ್ಟಮ್ಸ್ ಕೆಲಸ ಮುಗಿಸಿದ ಪೆಟ್ಟಿಗೆಗಳು ರೈಲಿನಲ್ಲಿ ಬಂದರಿಗೆ ಹೋಗುತ್ತವೆ. 2008ರಲ್ಲಿ ಚೆನ್ನೈಯನ್ನು ಕೇಂದ್ರವಾಗಿಟ್ಟು ಶುರುವಾದ ಭಾರತೀಯ ಕಡಲ ವಿಶ್ವವಿದ್ಯಾಲಯದಲ್ಲಿ ಲಾಜಿಸ್ಟಿಕ್ಸ್ ಬಿಬಿಎ ಇದೆ; ಅದಕ್ಕೆ ಕಾಮರ್ಸ್ ಓದಿದವರೂ ಸೇರಬಹುದು.

ಇಂಗ್ಲೆಂಡಿನಂಥ ಕಡೆ, ಪದವಿಗೆ ನೇರವಾಗಿ ಸೇರಲು ಅರ್ಹತೆ ಸಾಲದವರು ಮೊದಲು ಒಂದು ವರ್ಷ 'ಬಿಸಿನೆಸ್ ಫೌಂಡೇಶನ್' ಓದಿ ಆಮೇಲೆ ಶಿಪ್ಪಿಂಗ್ ಪದವಿಗೆ ಹೋಗುವ ಪದ್ಧತಿ ಇದೆ. ಲೆಕ್ಕ, ಅರ್ಥಶಾಸ್ತ್ರ, ವ್ಯವಹಾರ ನಿರ್ವಹಣೆ ಅದರ ಪಾಠಗಳು. ಅಂದರೆ ನಾವು ಎರಡು ವರ್ಷದ ಪಿಯುಸಿಯಲ್ಲಿ ಓದುತ್ತಿರುವುದೇ ಆ ಅಡಿಪಾಯ. ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದ ಅಂತರರಾಷ್ಟ್ರೀಯ ವ್ಯವಹಾರದ ಪಾಠ ತೆಗೆದು ನೋಡಿ. ರಫ್ತಿನ ಕಾಗದಗಳ ಪಟ್ಟಿ ಅಲ್ಲಿದೆ. ಪರೀಕ್ಷೆಗೆಂದು ನಾವೆಲ್ಲ ಅದನ್ನು ಬಾಯಿಪಾಠ ಮಾಡಿದ್ದೆವು. ನನಗೆ ಅದು ಅರ್ಥವಾದದ್ದು ಅಬ್ಬಾ ಎರಡು ಚೀಲ ಮೆಣಸಿನಕಾಯಿಗೆ ದಂಡ ತೆತ್ತ ದಿನ.

ಅಬ್ಬಾ ಮಿನಿ ಲಾರಿ ಓಡಿಸುತ್ತಾರೆ. ಒಂದು ದಿನ ಮಾಲು ತುಂಬಿದ ಕಡೆ ಬಿಲ್ಟಿಯಲ್ಲಿ 40 ಚೀಲ ಎಂದು ಬರೆದಿದ್ದರು. ಹೊತ್ತಾಗಿತ್ತು, ಅಬ್ಬಾ ಎಣಿಸದೆ ಸಹಿ ಹಾಕಿದರು. ಇಳಿಸಿದಾಗ 38. ತುಂಬಿದ್ದೇ 38 ಇರಬಹುದು, ದಾರಿಯಲ್ಲಿ ಹೋಗಿರಲೂಬಹುದು. ಆದರೆ ಸಹಿ ಇದ್ದದ್ದು 40ಕ್ಕೆ. ಎರಡು ಚೀಲದ ದುಡ್ಡು ಬಾಡಿಗೆಯಲ್ಲಿ ಮುರಿದುಕೊಂಡರು. ಆ ವಾರ ನನ್ನ ಟ್ಯೂಷನ್ ಫೀ ಕಟ್ಟಲಾಗಲಿಲ್ಲ.

ಹಡಗಿನಲ್ಲಿಯೂ ಇದೇ ನಡೆಯುತ್ತದೆ, ಮೊತ್ತ ಮಾತ್ರ ದೊಡ್ಡದು. ಸರಕು ಏರಿದಾಗ ಹಡಗಿನ ಮೇಟ್ ಎಂಬ ಅಧಿಕಾರಿ ಒಂದು ರಸೀದಿ ಕೊಡುತ್ತಾನೆ. ಅದೇ ಮೇಟ್ಸ್ ರಿಸೀಪ್ಟ್. ಚೀಲ ಹರಿದಿದ್ದರೆ, ಎಣಿಕೆ ಕಡಿಮೆಯಿದ್ದರೆ ಅದರ ಮೇಲೆ ಬರೆಯುತ್ತಾನೆ. ಏನೂ ಬರೆಯದಿದ್ದರೆ ಅದು 'ಕ್ಲೀನ್' ರಸೀದಿ. ಅದನ್ನು ಆಧರಿಸಿ ಹಡಗು ಕಂಪನಿ ಬಿಲ್ ಆಫ್ ಲೇಡಿಂಗ್ ಕೊಡುತ್ತದೆ. ಲೆಟರ್ ಆಫ್ ಕ್ರೆಡಿಟ್ ವ್ಯವಹಾರದಲ್ಲಿ ಬ್ಯಾಂಕು ಕ್ಲೀನ್ ಬಿಲ್ ಇದ್ದರಷ್ಟೇ ಹಣ ಕೊಡುತ್ತದೆ. "ಎರಡು ಚೀಲ ಹರಿದಿವೆ" ಎಂಬ ಒಂದು ಸಾಲು ಬಿದ್ದರೂ ರಫ್ತುದಾರನ ಹಣ ನಿಲ್ಲಬಹುದು. ಆ ಸಾಲು ಬರೆಯದೆ ಬಿಟ್ಟರೆ ಹಡಗು ಕಂಪನಿ ಅಬ್ಬಾನ ಸ್ಥಿತಿಗೆ ಬರುತ್ತದೆ.

ಬಿಲ್ ಆಫ್ ಲೇಡಿಂಗ್ ಮೂರು ಕೆಲಸ ಮಾಡುತ್ತದೆ ಎಂದು ಓದಿದ್ದೇವೆ. ಸರಕು ಮುಟ್ಟಿದ್ದಕ್ಕೆ ರಸೀದಿ, ಸಾಗಣೆಯ ಕರಾರಿಗೆ ಪುರಾವೆ, ಸರಕಿನ ಒಡೆತನದ ಪತ್ರ. ಮೂರನೆಯದು ತುಸು ಕಠಿಣ. ಬಿಲ್ 'ಆರ್ಡರ್' ಹೆಸರಿನಲ್ಲಿದ್ದರೆ ಅದರ ಬೆನ್ನಿಗೆ ಸಹಿ ಮಾಡಿ ಇನ್ನೊಬ್ಬರಿಗೆ ಕೊಡಬಹುದು. ಸರಕು ನಡುಗಡಲಲ್ಲಿ ಇರುವಾಗಲೇ ಕಾಗದ ಕೈ ಬದಲಾಗಿ ಮಾಲು ಮಾರಾಟವಾಗುತ್ತದೆ. ಆಚೆ ದಡದಲ್ಲಿ ಮೂಲ ಪ್ರತಿ ತೋರಿಸಿದವನಿಗೆ ಮಾಲು. ನಮ್ಮಲ್ಲಿ ಇದಕ್ಕೆ 1856ರ ಕಾನೂನೇ ನಡೆಯುತ್ತಿತ್ತು. ಸಂಸತ್ತು ಹೊಸದನ್ನು ಒಪ್ಪಿದ್ದು 2025ರಲ್ಲಿ.

ಇದು ತಿಳಿದರೆ ವಿಮೆಯ ಪಾಠದ ಒಂದು ಒಗಟು ತಾನಾಗಿ ಬಿಡಿಸಿಕೊಳ್ಳುತ್ತದೆ. ವಿಮಾಹಿತ ಜೀವವಿಮೆಯಲ್ಲಿ ಕರಾರಿನ ಹೊತ್ತಿಗೆ ಇರಬೇಕು, ಬೆಂಕಿ ವಿಮೆಯಲ್ಲಿ ಕರಾರಿಗೂ ನಷ್ಟಕ್ಕೂ ಇರಬೇಕು, ಕಡಲ ವಿಮೆಯಲ್ಲಿ ನಷ್ಟದ ಹೊತ್ತಿಗೆ ಇದ್ದರೆ ಸಾಕು. ಯಾಕೆ ಈ ವ್ಯತ್ಯಾಸ? ವಿಮೆ ಮಾಡಿಸಿದವನು ಒಬ್ಬ, ಹಡಗು ಮುಳುಗುವಾಗ ಮಾಲಿನ ಒಡೆಯ ಇನ್ನೊಬ್ಬ ಆಗಿರಬಹುದು, ಅದಕ್ಕೆ.

ಕಡಲ ವಿಮೆಯಲ್ಲಿ ಇನ್ನೊಂದು ವಿಷಯವಿದೆ, ಪಿಯುಸಿ ಪುಸ್ತಕದಾಚೆಯದು: ಜನರಲ್ ಆವರೇಜ್. ಇದು ನಮ್ಮ ಸ್ಟ್ಯಾಟಿಸ್ಟಿಕ್ಸ್‌ನ ಸರಾಸರಿ ಅಲ್ಲ. ಈ ಪದದ ಮೂಲ ಅರಬ್ಬಿಯ 'ಅವಾರ್', ಕೆಟ್ಟುಹೋದ ಮಾಲು ಎಂದರ್ಥ. (ಸುಂಕದ 'ಟ್ಯಾರಿಫ್' ಕೂಡ ಅರಬ್ಬಿಯ 'ತಾರೀಫ್'. ಬಂದರು, ಲಂಗರು, ರವಾನೆ, ಮಾಲು, ಜಕಾತಿ ಎಂದು ಕನ್ನಡದಲ್ಲಿ ಓದಿ ಹೇಳಿದರೆ ಅಮ್ಮಿಗೆ ಅರ್ಧ ಪಾಠ ತಿಳಿಯುತ್ತದೆ!) ಬಿರುಗಾಳಿಯಲ್ಲಿ ಹಡಗು ಉಳಿಸಲು ಒಬ್ಬನ ಸರಕು ಸಮುದ್ರಕ್ಕೆ ಎಸೆದರೆ, ಆ ನಷ್ಟವನ್ನು ಉಳಿದವರೆಲ್ಲ ಹಂಚಿಕೊಳ್ಳಬೇಕು. ಲೆಕ್ಕ ಮಾಡಿ ನೋಡೋಣ. ಹಡಗಿನ ಬೆಲೆ 60 ಕೋಟಿ, ಸರಕು 40 ಕೋಟಿ, ಒಟ್ಟು 100 ಕೋಟಿ ಎಂದುಕೊಳ್ಳಿ. ಎಸೆದದ್ದು 2 ಕೋಟಿಯ ಸರಕು. ಪಾಲು ಶೇ. 2. ಹಡಗಿನ ಮಾಲೀಕ 1 ಕೋಟಿ 20 ಲಕ್ಷ ಕೊಡಬೇಕು, ಉಳಿದ 38 ಕೋಟಿ ಸರಕಿನವರು ಸೇರಿ 76 ಲಕ್ಷ. ಕಳೆದುಕೊಂಡವನೂ ತನ್ನ ಪಾಲಿನ 4 ಲಕ್ಷ ಹೊರಬೇಕು. ಅವನ ಕೈಗೆ ಬರುವುದು 1 ಕೋಟಿ 96 ಲಕ್ಷ. ನಾನು ಮೊದಲ ಸಲ ಮಾಡಿದಾಗ ಈ 4 ಲಕ್ಷವನ್ನೇ ಬಿಟ್ಟಿದ್ದೆ, ಲೆಕ್ಕ ತಾಳೆಯಾಗಲಿಲ್ಲ.

ಇದು ಹಳೇ ಕಾಲದ ನಿಯಮವೆಂದು ತಿಳಿಯಬೇಡಿ. 2021ರ ಮಾರ್ಚ್ 23ರಂದು 400 ಮೀಟರ್ ಉದ್ದದ 'ಎವರ್ ಗಿವನ್' ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿತು. ಬಿಡಿಸಿದ ಖರ್ಚಿಗೆ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಒಳಗೆ ಸರಕಿದ್ದವರೆಲ್ಲ ಅದಕ್ಕೆ ಭದ್ರತೆ ಕೊಡಬೇಕಾಯಿತು. ವಿಮೆ ಇದ್ದವರ ಪರವಾಗಿ ವಿಮಾ ಕಂಪನಿ ನಿಂತಿತು, ಇಲ್ಲದವರು ಕೈಯಿಂದ.

ನಮ್ಮೂರಿಗೂ ಬಂದರಿಗೂ ಏನು ಸಂಬಂಧ ಎನ್ನುವವರಿಗೆ ಒಂದು ಮಾತು. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಮುಂಬಯಿಗೆ ಸಾಗುತ್ತಿತ್ತು. ಪೇಟೆಯಲ್ಲಿ ಅದರ ಹೆಸರೇ 'ಕುಮಟಾ ಹತ್ತಿ' ಎಂದಾಯಿತು. ಬೆಳೆದದ್ದು ನಮ್ಮ ಎರೆಭೂಮಿ, ಹೆಸರು ಹಡಗಿಗೆ ಏರಿಸಿದ ಊರಿನದು. ಈಗ ನಮ್ಮ ರಾಜ್ಯದ ದೊಡ್ಡ ಬಂದರು ಪಣಂಬೂರಿನ ನವಮಂಗಳೂರು. 1974ರಲ್ಲಿ ಅದು ಪ್ರಮುಖ ಬಂದರಾಯಿತು.

ಈ ದಾರಿ ಹಿಡಿಯಬೇಕೆನ್ನುವ ಜೂನಿಯರ್‌ಗಳಿಗೆ ನನ್ನ ಅನುಭವದಿಂದ: ಲೆಕ್ಕಶಾಸ್ತ್ರದಲ್ಲಿ ಜರ್ನಲ್ ಗಟ್ಟಿ ಮಾಡಿಕೊಳ್ಳಿ, ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ವಿದೇಶಿ ವಿನಿಮಯ ದರದ ಪಾಠ ಬಿಡಬೇಡಿ. ಎಫ್ಒಬಿ, ಸಿಐಎಫ್ ಎರಡರಲ್ಲೂ ಸರಕು ಹಡಗಿಗೆ ಏರಿದಾಗಲೇ ಅಪಾಯ ಕೊಳ್ಳುವವನಿಗೆ ದಾಟುತ್ತದೆ. ಸಿಐಎಫ್‌ನಲ್ಲಿ ಮಾರುವವನೇ ಬಾಡಿಗೆ, ವಿಮೆ ಕಟ್ಟುವುದರಿಂದ ಅನೇಕರು ಇದನ್ನು ತಪ್ಪು ತಿಳಿಯುತ್ತಾರೆ. ಇಂಗ್ಲಿಷ್ ನನಗೂ ಕಷ್ಟ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಬಿಲ್ ಆಫ್ ಲೇಡಿಂಗ್ ಹಿಂಬದಿಯ ಸಣ್ಣ ಅಕ್ಷರದ ಷರತ್ತುಗಳು ಮಾತ್ರ ಇಂಗ್ಲಿಷ್. ದಿನಕ್ಕೆ ಒಂದು ಷರತ್ತು ಓದಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಮೇಟ್ಸ್ ರಿಸೀಪ್ಟ್ ಪುಟವನ್ನು ಅಬ್ಬಾಗೆ ಓದಿ ಹೇಳಿದೆ. "ಆ ಮೇಟ್ ಎಣಿಸಿಯೇ ಸಹಿ ಹಾಕುತ್ತಾನಾ?" ಎಂದು ಕೇಳಿದರು. ಎಣಿಸುವ ಆಳುಗಳು ಇರುತ್ತಾರೆ ಎಂದೆ. ಈಗ ಅಬ್ಬಾ ಗಾಡಿಯಲ್ಲಿ ಒಂದು ನೋಟುಬುಕ್ಕು, ಪೆನ್ನು ಇಟ್ಟಿದ್ದಾರೆ. ಅಮ್ಮಿ ಮಾತ್ರ ಹಾಸ್ಟೆಲ್ ಖರ್ಚು ಎಷ್ಟಾಗುತ್ತದೆ ಎಂದು ಬರೆದು ಕೊಡು ಅಂದಿದ್ದಾರೆ. ಆ ಲೆಕ್ಕ ಇನ್ನೂ ಆಗಿಲ್ಲ.